ಶನಿವಾರದ ಹಡಗಿಗೆ ಮೂರು ಸೀಟು

ಇಂಗ್ಲೆಂಡಿಗೆ ಹೋಗುವ ಹಡಗು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊರಡುತ್ತದೆ ಎಂದು ಸೊಸೆ ಹೇಳಿದ್ದೇ ತಡ, ಇಂದಿರಮ್ಮ ಕಾಫಿ ಲೋಟ ಕೆಳಗಿಟ್ಟು, ಮಗನ ಪರದೇಶದ ಮನೆಗೆ ಬರುವಾಗ ಮೈಸೂರಿನಿಂದ ತಂದಿದ್ದ ಪಂಚಾಂಗ ಬಿಚ್ಚಿದರು.

"ಒಂಬತ್ತರಿಂದ ಹತ್ತೂವರೆ ರಾಹುಕಾಲ. ಸೀಮಂತಕ್ಕೆ ಹೊರಡೋ ಹೊತ್ತೇನೇ ಇದು, ಭಾನೂ?"

"ಹಡಗಿನವರನ್ನ ಕೇಳ್ತೀನಿ ಅತ್ತೆ. ನಿಮಗೋಸ್ಕರ ಒಂದು ಗಂಟೆ ನಿಲ್ಲಿಸ್ಕೋತಾರೇನೋ," ಎಂದಳು ಸೊಸೆ ಭಾನುಮತಿ.

ಅತ್ತೆ ನಗಲಿಲ್ಲ. ಗಂಡ ಹರಿಪ್ರಸಾದ ಪೇಪರಿನ ಹಿಂದೆ ತಲೆ ಮರೆಸಿಕೊಂಡ. ಆಫೀಸಿನಲ್ಲಿ ಹತ್ತು ಜನರನ್ನು ಗದರಿಸುವವನು ಅಮ್ಮನ ಮುಂದೆ ಉಸಿರೆತ್ತುವುದಿಲ್ಲ.

ಭಾನುಮತಿಗೆ ಮೈಯೆಲ್ಲ ಉರಿಯಿತು. ತಂಗಿ ವಾಸಂತಿ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಾಯಿಯಿಲ್ಲದ ಮನೆಯಲ್ಲಿ ಇವಳೇ ಜಡೆ ಹಾಕಿ ಬೆಳೆಸಿದ್ದು. ಈಗ ಸಮುದ್ರದ ಆಚೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ, ಅವಳಿಗೆ ಏಳು ತಿಂಗಳು. ಭಾನುವಾರ ಸೀಮಂತ. ತಾಯಿಯ ಜಾಗದಲ್ಲಿ ಕೂತು ಮಡಿಲು ತುಂಬಲು ಅಕ್ಕನನ್ನು ಬಿಟ್ಟರೆ ಯಾರೂ ಇಲ್ಲ. ಶಾಲೆಗಳಿಗೆ ಶರತ್ಕಾಲದ ರಜೆ, ಉಳಿದ ಹಡಗುಗಳೆಲ್ಲ ಭರ್ತಿ. ಟ್ರಾವೆಲ್ ಅಂಗಡಿಯವಳು ನಾಳೆ, ಗುರುವಾರ, ಮಧ್ಯಾಹ್ನ ಹನ್ನೆರಡರವರೆಗೆ ಮೂರು ಸೀಟು ಹಿಡಿದಿಡುತ್ತೇನೆಂದಿದ್ದಳು.

"ನಾನೊಬ್ಬಳೇ ಹೋಗ್ತೀನಿ," ಎಂದಳು ಭಾನುಮತಿ.

"ಹೋಗು. ಆ ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಮೇಲೆ ನನ್ನ ಮುಖ ನೋಡ್ಬೇಡ."

ಆ ಮಾತು ಅವಳನ್ನು ಕಟ್ಟಿಹಾಕಿತು. ರಾಹುವಿಗೆ ಹೆದರದಿದ್ದರೂ ವಾಸಂತಿಯ ವಿಷಯದಲ್ಲಿ ಅವಳಿಗೆ ಎಲ್ಲದಕ್ಕೂ ಹೆದರಿಕೆ.

ಮರುದಿನ ಭಾನುಮತಿ ಎದ್ದಾಗ ಇಂದಿರಮ್ಮ ಸ್ನಾನ ಮುಗಿಸಿ, ಸೀರೆಯ ಮೇಲೆ ಮಗನ ಓವರ್‌ಕೋಟು ತೊಟ್ಟು, ಅರ್ಘ್ಯದ ಚೊಂಬು ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದರು. ಗಂಟೆ ಎಂಟಾಗಿತ್ತು. ಕೆಳಗೆ ಟ್ರಾಮು ಇನ್ನೂ ದೀಪ ಹಾಕಿಕೊಂಡೇ ಓಡುತ್ತಿತ್ತು.

"ಎಂಥಾ ಊರೇ ಇದು. ಎಂಟು ಗಂಟೆಯಾದ್ರೂ ಸೂರ್ಯ ಎದ್ದಿಲ್ಲ. ಕಾದು ಕಾದು ಕೈ ಮರಗಟ್ಟಿಹೋಯ್ತು."

ಭಾನುಮತಿ ಬಾಗಿಲಲ್ಲೇ ನಿಂತಳು. "ಅತ್ತೆ, ರಾಹುಕಾಲಕ್ಕೆ ಲೆಕ್ಕ ಎಲ್ಲಿಂದ ಶುರು?"

"ಸೂರ್ಯ ಹುಟ್ಟಿದಾಗಿಂದ. ಹಗಲನ್ನ ಎಂಟು ಪಾಲು ಮಾಡಿದ್ರೆ ಶನಿವಾರಕ್ಕೆ ಮೂರನೇ ಪಾಲು. ಪುರೋಹಿತರ ಮಗಳಿಗೆ ಪಾಠ ಹೇಳ್ಕೊಡ್ತೀಯಾ?"

"ಯಾವೂರ ಸೂರ್ಯ ಅತ್ತೆ?"

ಇಂದಿರಮ್ಮ ಚೊಂಬು ಕೆಳಗಿಟ್ಟರು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡತೊಡಗಿತು.

"ಪ್ರಸಾದೂ, ಇಲ್ಲಿ ಸೂರ್ಯ ಹುಟ್ಟೋದು, ಮುಳುಗೋದು ಎಷ್ಟು ಹೊತ್ತಿಗೋ?"

ಹರಿಪ್ರಸಾದ ಗಡ್ಡಕ್ಕೆ ಹಚ್ಚಿದ ನೊರೆಯೊಂದಿಗೇ ಬಂದು ಪೇಪರು ತಿರುವಿದ. "ಎಂಟೂ ಹತ್ತು. ಸಂಜೆ ಆರೂ ನಲವತ್ತು."

"ಹಗಲು ಹತ್ತೂವರೆ ಗಂಟೆ. ಹಾಗಾದ್ರೆ ರಾಹು ಬರೋದು ಹತ್ತೂ ಮುಕ್ಕಾಲರ ಮೇಲೆ." ಅವರ ಮುಖ ಅರಳಿತು. "ಅಷ್ಟು ಹೊತ್ತಿಗೆ ನಾವು ನಡುನೀರಲ್ಲಿ. ಅವನಿಗೇನು ಈಜು ಬರುತ್ತಾ? ನೋಡ್ತಾ ನಿಂತ್ಯಲ್ಲ, ಸೀಟು ತಗೊಂಬಾ ಹೋಗೇ."

ಅಂಗಡಿಯವಳು ಬೀಗ ತೆಗೆಯುವಾಗಲೇ ಭಾನುಮತಿ ಸೈಕಲ್ ಒರಗಿಸಿ ಬಾಗಿಲಲ್ಲಿದ್ದಳು. ಟಿಕೆಟ್ ಕೈಗೆ ಬಂದ ಮೇಲೆ ಎದುರಿನ ಫೋನ್ ಬೂತಿಗೆ ಓಡಿದಳು.

"ವಾಸಂತೀ, ಶನಿವಾರ ಮಧ್ಯಾಹ್ನ ಬಂದಿಳೀತೀವಿ."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು. "ಅತ್ತೆ ಒಪ್ಪಿದ್ರೇನೇ ಅಕ್ಕಾ?"

"ಒಪ್ಪೋದೇನು, ಮೂಟೆ ಕಟ್ತಿದಾರೆ. ಅಳ್ಬೇಡ್ವೇ ಕತ್ತೆ, ಏನು ತಿನ್ಬೇಕು ಅನ್ನಿಸ್ತಿದೆ ಹೇಳು."

ವಾಸಂತಿ ಹೇಳತೊಡಗಿದಳು. ಕೋಡುಬಳೆ, ಹುಣಿಸೆ ಗೊಜ್ಜು, ಎಳ್ಳು ಚಿಗಳಿ, ಮತ್ತೆ ಕೋಡುಬಳೆ. ಫೋನ್ ಕಾರ್ಡಿನ ದುಡ್ಡು ಮುಗಿದು ಲೈನು ಕಟ್ಟಾಗುವವರೆಗೂ ಭಾನುಮತಿ ಹೂಂಗುಟ್ಟುತ್ತಲೇ ಇದ್ದಳು.