ಹೆಸರಿಲ್ಲದ ಬಟನ್‌ಗಳು

ಕಣ್ಣು ಕಾಣದ ಹುಡುಗಿಯ ಪಾತ್ರಕ್ಕೆ ಭವ್ಯಾಳನ್ನು ಆರಿಸಲಾಗಿದೆ ಎಂದು ಸುಷ್ಮಾಗೆ ಗೊತ್ತಾದದ್ದು ಹೊಸ ಪರೀಕ್ಷಾ ಆ್ಯಪ್ ತೋರಿಸುವ ಕಾರ್ಯಕ್ರಮದ ದಿನವೇ, ತೀರ್ಥಹಳ್ಳಿಯ ಸಭಾಂಗಣದ ಮೆಟ್ಟಿಲ ಮೇಲೆ. ಹೇಳಿದವರು ಯೋಜನೆಯ ಉಸ್ತುವಾರಿ ಹೊತ್ತ ಮಂಜುನಾಥಪ್ಪ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಹೇಳಿದ್ದೇವೆ ಎನ್ನುವಷ್ಟೇ ಸಲೀಸಾಗಿ ಹೇಳಿದರು.

“ಭವ್ಯಾಗೆ ಕಣ್ಣು ಕಾಣುತ್ತಲ್ಲ ಸರ್?”

“ಕರ್ಚೀಫು ಕಟ್ತೀವಲ್ರೀ.”

“ದೀಪಶ್ರೀಗೆ ಕಟ್ಟೋದೇ ಬೇಡ.”

“ಅವ್ಳು ನಿಧಾನ. ಮಧ್ಯೆ ಮಧ್ಯೆ ಪ್ರಶ್ನೆ ಬೇರೆ ಕೇಳ್ತಾಳೆ. ಭವ್ಯಾ ಪ್ರತಿಭಾ ಕಾರಂಜೀಲಿ ಏಕಪಾತ್ರಾಭಿನಯಕ್ಕೆ ಜಿಲ್ಲೆಗೆ ಹೋದವ್ಳು. ದೀಪಶ್ರೀನ ಬಿಟ್ಟಿಲ್ಲ ಮಾರಾಯ್ರೆ, ಹೂಗುಚ್ಛ ಕೊಡೋದು ಅವ್ಳೇ. ಫೋಟೊಗೂ ಚೆಂದ.”

ಇದರಲ್ಲಿ ಮಂಜುನಾಥಪ್ಪನವರಿಗೆ ಅಸಹಜವಾದದ್ದು ಏನೂ ಕಾಣಲಿಲ್ಲ. ದೊಡ್ಡವರು ಯಾರೇ ಬರಲಿ, ಚೆನ್ನಾಗಿ ಮಾತಾಡುವ ಅದೇ ಒಂದು ಮಗುವನ್ನು ಮುಂದೆ ನಿಲ್ಲಿಸುವುದು ಶಾಲೆಗಳ ಹಳೆಯ ಪದ್ಧತಿ. ಸ್ವಾಗತ ಗೀತೆಗೂ ಭವ್ಯಾ, ಕೈ ತೊಳೆಯುವ ದಿನಕ್ಕೂ ಭವ್ಯಾ, ಅಕ್ಟೋಬರ್ ಎರಡಕ್ಕೆ ಕೋಲು ಹಿಡಿದು ಗಾಂಧೀಜಿಯೂ ಭವ್ಯಾ. ಇವತ್ತು ಕುರುಡಿ, ಅಷ್ಟೇ.

ಸುಷ್ಮಾ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿ. ಅಂಗವಿಕಲ ಮಕ್ಕಳಿರುವ ಶಾಲೆಗಳನ್ನು ಬಸ್ಸು ಹತ್ತಿ ಇಳಿದು ಸುತ್ತುವ ಕೆಲಸ. ಮೇಗರವಳ್ಳಿ ಕಡೆಯ ದೀಪಶ್ರೀ ಈಗ ಹತ್ತನೇ ತರಗತಿ. ಪರೀಕ್ಷೆಯಲ್ಲಿ ಅವಳು ಹೇಳಬೇಕು, ಕೆಳಗಿನ ತರಗತಿಯ ಯಾರೋ ಬರೆಯಬೇಕು. ಕಳೆದ ಸಲ ಬರೆಯಲು ಕೂತಿದ್ದ ಹುಡುಗಿ, ದೀಪಶ್ರೀಯ ಉತ್ತರಗಳು ತಪ್ಪಿರಬಹುದೆಂದು ಮರುಕಪಟ್ಟು, ತಾನೇ ತಿದ್ದಿ ಬರೆದಿದ್ದಳು. ಫಲಿತಾಂಶ ಬಂದಾಗ ದೀಪಶ್ರೀ, “ನಾನು ಪಾಸಾಗಿದ್ದೆ ಮೇಡಂ, ಅವ್ಳು ಫೇಲ್ ಆದ್ಲು,” ಎಂದಿದ್ದಳು.

ಹಾಗಾಗಿ, ಪ್ರಶ್ನೆ ಕೇಳಿಸಿಕೊಂಡು ಮಕ್ಕಳು ತಾವೇ ಉತ್ತರಿಸುವಂಥ ಆ್ಯಪ್ ಒಂದನ್ನು ಮೂರು ತಾಲ್ಲೂಕಿನ ಶಾಲೆಗಳಿಗೆ ಮಾಡಿಸುತ್ತಾರೆಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ಸುಷ್ಮಾಳೇ. ಆ್ಯಪ್ ಮಾಡುವ ಕಂಪನಿಯ ಶ್ರೀಕರ ಕಳಿಸಿದ್ದನ್ನೆಲ್ಲ ಬಳಸಿ ನೋಡಿ ಹುಳುಕು ಹೇಳಿದವಳೂ ಅವಳೇ. ಅದರಲ್ಲಿ ಒಂದು ಹುಳುಕು ಮಾತ್ರ ಹಾಗೇ ಉಳಿದಿತ್ತು. ಟ್ಯಾಬ್ಲೆಟ್ಟಿನ ದನಿ ಪ್ರಶ್ನೆ ಓದುತ್ತದೆ, ಆಯ್ಕೆ ಓದುತ್ತದೆ. ಕೊನೆಯ ಪುಟಕ್ಕೆ ಬಂದರೆ ಸಾಲಾಗಿ ನಾಲ್ಕು ಬಟನ್, ಒಂದಕ್ಕೂ ಹೆಸರಿಲ್ಲ. ಯಾವುದನ್ನು ಮುಟ್ಟಿದರೂ “ಬಟನ್” ಎನ್ನುತ್ತದೆ. ಒಂದು ಬಟನ್ ಉತ್ತರಗಳನ್ನು ಒಪ್ಪಿಸುತ್ತದೆ, ಇನ್ನೊಂದು ಅಷ್ಟನ್ನೂ ಅಳಿಸುತ್ತದೆ. ಕಣ್ಣಿದ್ದವರಿಗೆ ಬಣ್ಣ ನೋಡಿದರೆ ತಿಳಿಯುತ್ತದೆ. ಸುಷ್ಮಾ ಇದನ್ನು ಶ್ರೀಕರನಿಗೆ ಬರೆದಾಗಲೆಲ್ಲ ಅತ್ತಲಿಂದ ಕೈ ಮುಗಿದ ಚಿತ್ರವೊಂದು ಬರುತ್ತಿತ್ತು. ಆ ವಿನಯಕ್ಕೆ ಏನೂ ಕೊರತೆಯಿರಲಿಲ್ಲ.

ಕಾರ್ಯಕ್ರಮ ಶುರುವಾಯಿತು. ದೀಪಶ್ರೀ ಹೂಗುಚ್ಛ ಕೊಟ್ಟಳು. ಅವಳ ಭುಜ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಲಾಯಿತು. ಮಂಜುನಾಥಪ್ಪನವರಿಗೆ ಶಾಲು ಹೊದಿಸಿದರು. ಆಮೇಲೆ ಭವ್ಯಾ ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು, ಎರಡೂ ಕೈ ಮುಂದೆ ಚಾಚಿ, ತಡವರಿಸುತ್ತ ವೇದಿಕೆಗೆ ಬಂದಳು. ಸಭೆ ಮರುಗಿತು.

ಮುಂದಿನ ಸಾಲಿನಲ್ಲಿದ್ದ ದೀಪಶ್ರೀ ಸುಷ್ಮಾಳ ಕಡೆ ಬಾಗಿದಳು. “ಎಂತ ಮಾಡ್ತಿದಾಳೆ ಮೇಡಂ?”

“ಗಾಳೀಲಿ ಕೈ ಆಡಿಸ್ತಿದಾಳೆ.”

“ಸೊಳ್ಳೆ ಇದಾವಾ?”

“ಇಲ್ಲ. ನೀನು ನಡಿಯೋದು ಹಂಗಂತೆ.”

“ನನ್ ಹತ್ರ ಒಂದ್ ಮಾತು ಕೇಳಿದ್ರೆ ಸರಿಯಾಗ್ ಹೇಳ್ಕೊಡ್ತಿದ್ದೆ,” ಎಂದಳು ದೀಪಶ್ರೀ.

ಭವ್ಯಾ ಟ್ಯಾಬ್ಲೆಟ್ ಹಿಡಿದು ಪ್ರಶ್ನೆಗಳನ್ನು ಕೇಳಿಸಿಕೊಂಡಳು, ಉತ್ತರ ಗುರುತಿಸಿದಳು. ಕೊನೆಯ ಪುಟ ಬಂದಾಗ ಗದ್ದ ಮೇಲೆತ್ತಿ, ಮೂಗಿನ ಬುಡದ ಸಂದಿಯಿಂದ ಇಣುಕಿ, ಹಸಿರು ಬಟನ್ ಒತ್ತಿದಳು. “ಉತ್ತರಗಳನ್ನು ಸ್ವೀಕರಿಸಲಾಗಿದೆ” ಎಂದಿತು ದನಿ. ಚಪ್ಪಾಳೆ. ಇಣುಕಿದ್ದನ್ನು ಸುಷ್ಮಾ ನೋಡಿದಳು, ಶ್ರೀಕರ ನೋಡಿದ, ಮಂಜುನಾಥಪ್ಪನವರೂ ನೋಡಿದರು.

ನೋಡಿಯೂ ಅವರು ಮೈಕ್ ಹಿಡಿದರು. “ಬರುವ ಪೂರ್ವಸಿದ್ಧತಾ ಪರೀಕ್ಷೆಯಿಂದಲೇ ತೀರ್ಥಹಳ್ಳಿ, ಹೊಸನಗರ, ಸಾಗರ, ಮೂರೂ ಕಡೆ ಇದೇ ವ್ಯವಸ್ಥೆ. ಬರೆಯುವವರನ್ನು ಹುಡುಕುವ ತಲೆನೋವು ಇನ್ನಿಲ್ಲ.”

ಸುಷ್ಮಾಳ ಪಕ್ಕದಲ್ಲಿ ಹೂಗುಚ್ಛದಿಂದ ಕಿತ್ತುಬಂದಿದ್ದ ಪ್ಲಾಸ್ಟಿಕ್ ಹಾಳೆಯ ಚೂರೊಂದು ದೀಪಶ್ರೀಯ ಮುಷ್ಟಿಯಲ್ಲಿ ಚರಪರ ಎಂದಿತು. ಬರೆಯುವವರೂ ಇಲ್ಲ, ಒಪ್ಪಿಸುವ ಬಟನ್ನೂ ಸಿಗುವುದಿಲ್ಲ. ಮೂರು ಗಂಟೆ ಕೂತು ಉತ್ತರಿಸಿ ಸೊನ್ನೆ ತೆಗೆದುಕೊಂಡು ಮೇಗರವಳ್ಳಿ ಬಸ್ಸು ಹತ್ತುವುದು. ಅದಕ್ಕೊಂದು ಆ್ಯಪ್, ಅದಕ್ಕೊಂದು ಶಾಲು.

ಸುಷ್ಮಾ ಎದ್ದು ವೇದಿಕೆ ಹತ್ತಿದಳು. ಅಭಿನಂದನೆಗೆ ಬಂದಳೆಂದು ಮಂಜುನಾಥಪ್ಪ ಕೈ ಮುಗಿದರು.

“ಸರ್, ನೀವೊಂದ್ಸಲ ಮಾಡಿ ತೋರಿಸಿ.”

“ನಾನಾ? ಕರ್ಚೀಫು ಬೇಕಲ್ರೀ,” ಎಂದು ನಕ್ಕರು.

“ಕರ್ಚೀಫಲ್ಲಿ ಸಂದಿ ಇರುತ್ತೆ ಸರ್. ಎಲ್ಲಾರೂ ನೋಡಿದ್ವಲ್ಲ.” ಅವರ ಹೆಗಲಿನಿಂದ ಶಾಲು ತೆಗೆದು ಟ್ಯಾಬ್ಲೆಟ್ಟಿನ ಮೇಲೆ ಹೊದಿಸಿದಳು. “ಕೈ ಒಳಗೆ ಹಾಕಿ.”

ಸಭೆಯ ಎದುರು ಇಲ್ಲವೆನ್ನಲಾಗದೆ ಹಾಕಿದರು. ಎಡೆ ಮುಚ್ಚಿಟ್ಟುಕೊಂಡು ಊಟ ಮಾಡುವವರಂತೆ ಕಂಡರು. ದನಿ ಪ್ರಶ್ನೆ ಓದಿತು, ಅವರು ಹೇಗೋ ಉತ್ತರಿಸಿ ಕೊನೆಯ ಪುಟ ತಲುಪಿದರು.

“ಬಟನ್,” ಎಂದಿತು ಶಾಲು. “ಬಟನ್. ಬಟನ್.”

“ಬಲಗಡೆ ಮೂಲೆ ಸರ್, ಹಸಿರು,” ಶ್ರೀಕರ ಪಿಸುಗುಟ್ಟಿದ.

“ಹಸಿರು ಹೆಂಗಿರುತ್ತೆ ಸರ್, ನುಣ್ಣಗಾ ತರಿತರಿಯಾ?” ಕೆಳಗಿನಿಂದ ದೀಪಶ್ರೀ ಕೇಳಿದಳು. ಅವಳ ಪ್ರಶ್ನೆಗಳ ವಿಷಯದಲ್ಲಿ ಮಂಜುನಾಥಪ್ಪ ಹೇಳಿದ್ದು ನಿಜವಾಗಿತ್ತು.

ಅವರು ಒಂದು ಬಟನ್ ಒತ್ತಿದರು.

“ಎಲ್ಲ ಉತ್ತರಗಳನ್ನು ಅಳಿಸಲಾಗಿದೆ.”

ಯಾರೋ ಹಿಂದೆ ಕಿಸಕ್ಕೆಂದರು. ಮಂಜುನಾಥಪ್ಪ ಶಾಲು ಸರಿಸಿ ಮೈಕಿಗೆ ಕೈ ಅಡ್ಡ ಹಿಡಿದರು. “ನಂಗೆ ರೂಢಿ ಇಲ್ಲ. ಮಕ್ಕಳಿಗೆ ರೂಢಿ ಆಗುತ್ತೆ.”

“ಇಲ್ಲದ ಹೆಸರು ಕೇಳಿಸೋದು ಯಾರಿಗೂ ರೂಢಿ ಆಗಲ್ಲ ಸರ್. ಇದನ್ನ ನಾನು ನಮ್ಮ ಶಾಲೆಗಳಿಗೆ ತಗೊಂಡ್ ಹೋಗಲ್ಲ. ಬರೆಯೋರನ್ನೂ ಬಿಡಲ್ಲ.”

“ನೀವು ಗುತ್ತಿಗೆ ಮೇಲಿರೋರು, ಅಲ್ವಾ?”

“ಹೌದು ಸರ್. ಏಪ್ರಿಲ್‌ಗೆ ಮತ್ತೆ ನಿಮ್ಮ ಹತ್ರವೇ ಬರಬೇಕು.” ಅವಳು ಶಾಲನ್ನು ಮಡಚಿ ಅವರ ಕೈಗಿತ್ತಳು. “ಇವತ್ತಂತೂ ಒಪ್ಪಲ್ಲ.”

ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದ ಹೊಸನಗರದ ಸಂಪನ್ಮೂಲ ಶಿಕ್ಷಕ ದುಗ್ಗಪ್ಪ ಕೂತಲ್ಲಿಂದಲೇ, “ನಮ್ಗೂ ಬ್ಯಾಡ ಸರ್, ಸರಿಯಾಗೋವರ್ಗೂ,” ಎಂದರು. ಸಾಗರದವರು ಹೌದೆಂಬಂತೆ ತಲೆಯಾಡಿಸಿದ್ದು ಕಂಡಿತು.

“ಊಟ ಆದ್ಮೇಲೆ ನೋಡೋಣ,” ಎಂದರು ಮಂಜುನಾಥಪ್ಪ. ಸಭೆ ಹೋಳಿಗೆಯ ಕಡೆ ಹರಿಯಿತು. ಎಷ್ಟೋ ವಿಷಯಗಳು ಊಟ ಆದ ಮೇಲೆ ಯಾರಿಗೂ ನೆನಪಿರುವುದಿಲ್ಲವೆಂದು ಸುಷ್ಮಾಗೆ ಗೊತ್ತಿತ್ತು. ದೀಪಶ್ರೀಗೂ ಗೊತ್ತಿತ್ತೆಂದು ಕಾಣುತ್ತದೆ. ಕುರ್ಚಿಗಳ ಬೆನ್ನು ಸವರಿಕೊಂಡು, ಕೈ ಗಾಳಿಯಲ್ಲಿ ಆಡಿಸದೆ ನೆಟ್ಟಗೆ ಹೋಗಿ, ಎದ್ದೇಳುತ್ತಿದ್ದ ಶ್ರೀಕರನ ಪಕ್ಕ ಕೂತಳು.

“ಸರ್, ಲ್ಯಾಪ್‌ಟಾಪ್ ತಂದಿದೀರಲ್ಲ? ಬಟನ್‌ಗಳಿಗೆ ಹೆಸರಿಡೋಕೆ ಎಷ್ಟೊತ್ತು ಬೇಕು?”

“ಒಂದೈದ್ ನಿಮಿಷ...” ಎಂದವನು, ತಾನು ಏನು ಹೇಳಿದೆನೆಂದು ತಿಳಿದು ಕೆಂಪಾದ. ವರ್ಷಪೂರ್ತಿ ಕೈ ಮುಗಿದದ್ದು ಆ ಐದು ನಿಮಿಷದ ಕೆಲಸಕ್ಕೆ.

ಸುಷ್ಮಾಗೆ ಬೈಯಬೇಕೆನ್ನಿಸಿತು. ಬೈಯದೆ, ಅವನು ಊಟಕ್ಕೆ ಜಾರಿಕೊಳ್ಳದಂತೆ ಬಾಗಿಲು ಮುಚ್ಚಿ, ಅದಕ್ಕೆ ಒರಗಿ ನಿಂತಳು.

“ಕೂತ್ಕಳಿ ಸರ್,” ಎಂದಳು ದೀಪಶ್ರೀ. “ಮೊದಲ್ನೇದು ಯಾವ್ದು?”