ಅಕ್ಕೋರ ಅಡುಗೆಮನೆ

ಗೌರಕ್ಕ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತಾ ಹೋದಂತೆ ನಿಮಗೆ ಹಾಗೆ ಅನ್ನಿಸಬಹುದು. ಸಪ್ತಾಪುರದಲ್ಲಿ ಸ್ವಂತ ಮನೆ, ಲಗ್ನವಾಗದ ಜೀವ, ಮೂವತ್ತೊಂದು ವರ್ಷ ಕನ್ನಡ ಸಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವಳು. ಓಣಿಯ ಅರ್ಧ ಮಂದಿಗೆ ಅವಳು ಇವತ್ತಿಗೂ ‘ಅಕ್ಕೋರು’. ಮಹಿಳಾ ಮಂಡಳದಲ್ಲಿ ಎದ್ದು ನಿಂತು ಮನುಷ್ಯರೆಲ್ಲ ಒಂದೇ ಎಂದರೆ ಚಪ್ಪಾಳೆ ಬೀಳುತ್ತಿತ್ತು, ಮತ್ತು ಆ ಮಾತನ್ನು ಅವಳು ಮನಸಾರೆಯೇ ಆಡುತ್ತಿದ್ದಳು.

ಮುತ್ತವ್ವ ಅದೇ ಸಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವಳು. ಗಂಡ ತೀರಿಹೋಗಿ ಇಪ್ಪತ್ತು ವರ್ಷ, ಒಬ್ಬಳೇ ಮಗಳು ಗದಗಿನಲ್ಲಿ. ಎರಡು ಓಣಿ ದಾಟಿದರೆ ಅವಳ ಒಂದು ಕೋಣೆಯ ಮನೆ. ದಿನಾ ಸಂಜೆ ಐದಕ್ಕೆ ಅವಳು ಬಂದು ಪಡಸಾಲೆಯಲ್ಲಿ ಕೂರುವುದು, ಗೌರಕ್ಕ ಚಹಾ ತರುವುದು, ಏಳರ ತನಕ ಇಬ್ಬರೂ ಸೇರಿ ಊರ ಸುದ್ದಿಯನ್ನೆಲ್ಲ ಜಾಲಾಡುವುದು. ಗೌರಕ್ಕ ಮಾಡಿದ ರೊಟ್ಟಿ, ಹೋಳಿಗೆ ಮುತ್ತವ್ವನ ಮನೆಗೆ ಹೋಗುತ್ತಿದ್ದವು. ಮುತ್ತವ್ವನ ಮನೆಯಿಂದ ಏನೂ ಬರುತ್ತಿರಲಿಲ್ಲ. ಪಡಸಾಲೆ ದಾಟಿ ಅವಳು ಒಳಗೆ ಕಾಲಿಟ್ಟಿರಲೂ ಇಲ್ಲ. ಬರಬೇಡ ಎಂದು ಗೌರಕ್ಕ ಒಂದು ದಿನವೂ ಅಂದವಳಲ್ಲ. ಬಾ ಅಂತಲೂ ಅಂದಿರಲಿಲ್ಲ. ಮುತ್ತವ್ವ ಯಾವ ಕೇರಿಯಲ್ಲಿ ಹುಟ್ಟಿದವಳೆಂಬುದು ಇಬ್ಬರಿಗೂ ಗೊತ್ತಿತ್ತು, ಆ ಸುದ್ದಿಯನ್ನು ಇಬ್ಬರೂ ತೆಗೆಯುತ್ತಿರಲಿಲ್ಲ.

ಕೊರೊನಾ ಬಂತು. ಒಬ್ಬರ ಮನೆಗೆ ಒಬ್ಬರು ಹೋಗಬಾರದು ಎಂದು ಕಸದ ಗಾಡಿಯ ಮೈಕಿನಲ್ಲಿ ದಿನಾ ಕೂಗತೊಡಗಿದರು. ಆಗ ಗೌರಕ್ಕನ ಎದೆಯ ಮೂಲೆಯಲ್ಲಿ, ಅವಳಿಗೇ ನಾಚಿಕೆಯಾಗುವಂತೆ, ಒಂದು ಸಣ್ಣ ನಿರಾಳ ಹುಟ್ಟಿತು. ಇನ್ನು ಇದು ಎಲ್ಲರಿಗೂ ಒಂದೇ ಕಾಯ್ದೆ. ಗೇಟಿನಾಚೆ ನಿಂತ ಮುತ್ತವ್ವನಿಗೆ, ಏನು ಮಾಡುವುದು, ಸರಕಾರವೇ ಹೇಳಿದೆಯಲ್ಲ ಎಂದಳು. ಮುತ್ತವ್ವ ಮಾಸ್ಕಿನ ಹಿಂದೆ ನಕ್ಕಳು.

“ನಮಗೇನ್ ಹೊಸಾದು ಬಿಡ್ರಿ ಅಕ್ಕೋರ. ನಾವು ಮದ್ಲಿಂದ ರೂಢಿ ಮಾಡ್ಕೊಂಡೇವಿ.”

ಗೌರಕ್ಕನೂ ನಕ್ಕಳು. ಒಳಗೆ ಹೋದ ಮೇಲೆ, ಯಾಕಾದರೂ ನಕ್ಕೆ ಎಂದು ತನ್ನ ಮೇಲೇ ಸಿಟ್ಟಾದಳು. ಸಿಟ್ಟಾದಳೇ ಹೊರತು ಹೊರಗೆ ಬಂದು ಬೇರೆ ಮಾತೇನೂ ಆಡಲಿಲ್ಲ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಲಸಿಕೆಯನ್ನು ಇವತ್ತು ನಾಳೆ ಎಂದು ಮುಂದೂಡುತ್ತಲೇ ಇದ್ದಳು. ಮೇಲಿನ ಕೋಣೆಗಳಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಊರು ಸೇರಿ ತಿಂಗಳಾಗಿತ್ತು. ಆಶಾ ಕಾರ್ಯಕರ್ತೆ ಜಯಮಾಲಾ ಪರೀಕ್ಷೆ ಮಾಡಿಸಿದಳು. ಪಾಸಿಟಿವ್ ಎಂದು ಬಂತು. ಆಕ್ಸಿಜನ್ ಸರಿಯಿದೆ, ಮನೆಯಲ್ಲೇ ಇರಬಹುದು, ಆದರೆ ಈ ವಯಸ್ಸಿನಲ್ಲಿ ಒಬ್ಬರನ್ನೇ ಬಿಡಲು ಬರುವುದಿಲ್ಲ ಎಂದು ಜಯಮಾಲಾ ಗೇಟಿನಿಂದಲೇ ತಿಳಿಸಿ ಹೇಳಿದಳು. ಎರಡು ವಾರ ಹಗಲೂ ರಾತ್ರಿ ಜೊತೆಗಿದ್ದು ನೋಡಿಕೊಳ್ಳುವವರು ಒಬ್ಬರು ಬೇಕು. ಇಲ್ಲದಿದ್ದರೆ ನಾಲ್ಕು ಗಂಟೆಗೆ ಗಾಡಿ ಬಂದು ಆರೈಕೆ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತದೆ.

ಎದುರು ಮನೆಯ ಯಂಕಣ್ಣ ಅಂಥದೇ ಗಾಡಿಗೆ ತನ್ನ ಕಾಲಿಂದ ನಡೆದು ಹೋಗಿ ಹತ್ತಿದ್ದನ್ನು ಗೌರಕ್ಕ ಕಣ್ಣಾರೆ ಕಂಡಿದ್ದಳು. ತಿರುಗಿ ಬಂದದ್ದು ಸುದ್ದಿ ಮಾತ್ರ. ಬದುಕಲಿ, ಸಾಯಲಿ, ತನ್ನ ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ ಎಂಬುದೊಂದೇ ಅವಳ ಆಸೆ. ಸುಳ್ಳ ಎಂಬ ಹಳ್ಳಿಯಲ್ಲಿದ್ದ ತಮ್ಮನ ಮಗ ಶಿವಯೋಗೀಶನಿಗೆ ಫೋನು ಮಾಡಿದಳು. ಊರ ಬಾಯಿಗೆ ಮುಳ್ಳಿನ ಬೇಲಿ ಹಚ್ಚಿದ್ದಾರೆ, ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ, ಮನೆಯಲ್ಲಿ ಕೂಸು ಇದೆ ಎಂದು ಹೇಳುವಾಗ ಅವನ ದನಿ ನಡುಗುತ್ತಿತ್ತು. ಚಿಂತೆ ಮಾಡಬೇಡ ಎಂದು ಅವನಿಗೇ ಸಮಾಧಾನ ಹೇಳಿ, ಫೋನು ಇಟ್ಟು ಗಳಗಳ ಅತ್ತಳು.

ಮೂರೂವರೆಗೆ ಜಯಮಾಲಾ ಮತ್ತೆ ಬಂದಾಗ ಅವಳ ಹಿಂದೆ ಮುತ್ತವ್ವ ಇದ್ದಳು, ಕೈಯಲ್ಲೊಂದು ಬಟ್ಟೆಯ ಚೀಲ.

“ನಂದು ಎರಡೂ ಇಂಜೆಕ್ಷನ್ ಆಗ್ಯಾವ್ರಿ. ನಾ ಇರ್ತೇನಿ,” ಎಂದಳು ಮುತ್ತವ್ವ. “ಆದ್ರ ಗೇಟಿನ್ಯಾಗ ನಿಂತು ಗಂಜಿ ಕಾಸಾಕ ಬರೂದಿಲ್ರಿ. ಒಳಗ ಬಾ ಅಂದ್ರ ಬರ್ತೇನಿ.”

ಗೌರಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಾ ಎಂಬ ಆ ಮಾತು ಇವತ್ತು ಎಷ್ಟು ಸಲೀಸಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತೆಂದರೆ ಅವಳಿಗೆ ಹೇಸಿಗೆಯಾಯಿತು. ಅಜ್ಜನ ಕಾಲದ ರೀತಿ, ರಿವಾಜು, ಅಡುಗೆಮನೆಯ ಗೋಡೆಯಲ್ಲಿನ ದೇವರ ಮಾಡ, ಒಂದೂ ಅಡ್ಡ ಬರಲಿಲ್ಲ. ಸಾವಿನ ಭಯ ಎಲ್ಲವನ್ನೂ ಒರೆಸಿ ಹಾಕಿತ್ತು. ಇಷ್ಟು ಸುಲಭವಿತ್ತೇ ಹಾಗಾದರೆ?

“ಬ್ಯಾಡ ಮುತ್ತವ್ವ,” ಎಂದಳು. “ಮನಿ ಛಲೋ ಇದ್ದಾಗ ನಿನ್ನ ಕರೀಲಿಲ್ಲ. ಈಗ ಜಡ್ಡು ಹೊಕ್ಕ ಮ್ಯಾಲ ಕರದ್ರ ನಾ ಮನಷ್ಯಾಳ ಅಲ್ಲ. ಗಾಡಿ ಬರ್ಲಿ, ಹೋಗ್ತೇನಿ.”

ಮುತ್ತವ್ವ ಚೀಲವನ್ನು ಹೆಗಲಿಗೇರಿಸಿ ಗೇಟಿನ ಚಿಲಕಕ್ಕೆ ಕೈ ಹಾಕಿದಳು. ಅವಳ ಕಣ್ಣು ಕೆಂಪಗಾಗಿದ್ದವು.

“ನನಗ ಸಿಟ್ಟಿಲ್ಲಂತ ತಿಳೀಬ್ಯಾಡ್ರಿ. ಭಾಳ ಐತಿ. ಅದನ್ನ ಆಮ್ಯಾಲ ಕುಂತು ಜಗಳಾಡೂಣಂತ. ಮದ್ಲ ನೀವು ಉಳೀರಿ.”

ಗೇಟು ತೆಗೆದು ಬಂದೇಬಿಟ್ಟಳು. ಜಯಮಾಲಾ ಅರ್ಜಿ ತುಂಬುತ್ತಾ, ನೋಡಿಕೊಳ್ಳುವವರು ರೋಗಿಗೆ ಏನಾಗಬೇಕು ಎಂದು ಕೇಳಿದಳು. ನಮ್ಮ ಮನೆಮಂದಿ ಎಂದು ಬರೆದುಕೋ ಎಂದು ಗೌರಕ್ಕ ಹೇಳಿದಳು. ಮುತ್ತವ್ವ ಕೇಳಿಯೂ ಕೇಳದವಳಂತೆ ಒಳಗೆ ನಡೆದಳು. ನಾಲ್ಕಕ್ಕೆ ಬರಬೇಕಿದ್ದ ಗಾಡಿಯನ್ನು ಜಯಮಾಲಾ ಫೋನು ಮಾಡಿ ಬೇಡವೆಂದಳು.

ಮಲಗಿದಲ್ಲಿಗೆ ಅಡುಗೆಮನೆಯ ಸಪ್ಪಳ ಕೇಳಿಸುತ್ತಿತ್ತು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವುದು, ಬೆಳ್ಳುಳ್ಳಿ ಜಜ್ಜುವುದು, ಒಗ್ಗರಣೆ ಚುರ್ ಅನ್ನುವುದು. ಸಾಲೆಯಲ್ಲಿ ಮಧ್ಯಾಹ್ನ ಮುತ್ತವ್ವ ತನ್ನ ಬುತ್ತಿ ಬಿಚ್ಚಿದರೆ ಆ ಬೆಳ್ಳುಳ್ಳಿಯ ಘಮ ವರಾಂಡ ದಾಟಿ ಬರುತ್ತಿತ್ತು. ಒಂದು ತುತ್ತು ಕೇಳಲೇ ಎನ್ನುವಷ್ಟು ಎಷ್ಟೋ ಸಲ ಗೌರಕ್ಕನ ಬಾಯಲ್ಲಿ ನೀರು ಬಂದದ್ದುಂಟು. ಕೇಳಿರಲಿಲ್ಲ.

ಮುತ್ತವ್ವ ಜೋಳದ ನುಚ್ಚಿನ ಗಂಜಿ ತಂದು ಸ್ಟೂಲಿನ ಮೇಲಿಟ್ಟು, ಬಾಗಿಲಾಚೆ ಹೋಗಿ ನಿಂತಳು. ಗೌರಕ್ಕ ಒಂದು ಚಮಚ ಬಾಯಿಗಿಟ್ಟಳು. ಮತ್ತೊಂದು. ಬಿಸಿ ಮಾತ್ರ ತಿಳಿಯಿತು. ಉಪ್ಪಿಲ್ಲ, ಖಾರವಿಲ್ಲ, ಬೆಳ್ಳುಳ್ಳಿಯ ಸುಳಿವಿಲ್ಲ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಏನೂ ಇಲ್ಲ. ಅವಳ ಕೈ ನಿಂತುಹೋಯಿತು.

“ಯಾಕ್ರಿ? ಉಪ್ಪು ಹೆಚ್ಚಾತೇನು?”

ಭಾಳ ರುಚಿ ಆಗಿದೆ ಎಂದುಬಿಡಬಹುದಿತ್ತು. ಗೌರಕ್ಕನಿಗೆ ಹಾಗೆ ಸುಳ್ಳಾಡಲು ಮನಸ್ಸಾಗಲಿಲ್ಲ.

“ಏನೂ ತಿಳೀವಲ್ದು ಮುತ್ತವ್ವ. ಬಾಯಾಗ ರುಚಿನ ಇಲ್ಲ,” ಎಂದವಳೇ ಸಣ್ಣ ಕೂಸಿನ ಹಾಗೆ ಅಳತೊಡಗಿದಳು.

ಮುತ್ತವ್ವ ಹೊಸ್ತಿಲಾಚೆ ನೆಲಕ್ಕೆ ಕೂತಳು.

“ಈ ಜಡ್ಡಿನ್ಯಾಗ ಹಂಗ ಆಗತೈತ್ರಿ. ದಿನಾ ಮಾಡ್ತೇನಿ, ದಿನಾ ಉಣ್ರಿ. ತಿಳಿದ ದಿನ ಹೇಳ್ರಿ.”

ಗೌರಕ್ಕ ಕಣ್ಣೊರೆಸಿಕೊಂಡು ಕಡೆಯ ಚಮಚದವರೆಗೂ ಉಂಡಳು. ಇನ್ನೂ ಸ್ವಲ್ಪ ಬೇಕು ಎಂದಳು.