ಕಲ್ಲು ಕಡಿದು ನೋಡುವ ನೆಲಿದಾ

ನೆಲಿದಾ ಕಿಂತ್ರಿಕೇವೊ ಕಲ್ಲನ್ನು ಕಣ್ಣಿನಿಂದಲ್ಲ, ಹಲ್ಲಿನಿಂದ ಓದುತ್ತಿದ್ದಳು. ಗ್ಯಾಸ್ ಬಾವಿಯ ಪಾತಾಳದಂಥ ಆಳದಿಂದ, ಕೊರೆಯುವ ಕೆಸರಿನೊಡನೆ ಮೇಲೆ ಬಂದ ಶೇಲ್ ಎಂಬ ಕರಿಯ ಪದರಗಲ್ಲಿನ ಚೂರೊಂದನ್ನು ತೊಳೆದು, ಮುಂಬಲ್ಲುಗಳ ನಡುವೆ ಇಟ್ಟು, ಅಡುಗೆಯ ಉಪ್ಪು ನೋಡುವವಳಂತೆ ಕಣ್ಣು ಮುಚ್ಚಿ ಕಡಿಯುತ್ತಿದ್ದಳು. ಕರಕರ ಎಂದರೆ ಮುಖ ಅರಳುತ್ತಿತ್ತು. ಬೆಣ್ಣೆಯಂತೆ ನುಣ್ಣಗೆ ಜಾರಿದರೆ ತೂ ಎಂದು ಉಗಿದು "ಬರೀ ಜೇಡಿ" ಎನ್ನುತ್ತಿದ್ದಳು. ಪ್ರಯೋಗಾಲಯದ ವರದಿ ಆಮೇಲೆ ನಿಧಾನವಾಗಿ ಬರುತ್ತಿತ್ತು.

ನಮ್ಮ ಅನ್ಯೇಲೋ ಊರಿನ ಬಿರುಗಾಳಿ ಅವಳ ನಡಿಗೆಯನ್ನೇ ತಿದ್ದಿತ್ತು: ಕೋಣೆಯೊಳಗೂ ಎಡಭುಜ ಮುಂದೆ ಮಾಡಿ, ಇಲ್ಲದ ಗಾಳಿಯನ್ನು ಸೀಳುತ್ತ ನಡೆಯುತ್ತಿದ್ದಳು. ಗುಂಡಿ ಉದುರಿದ ಚರ್ಮದ ಕೋಟಿಗೆ ತಂತಿ ಕಟ್ಟಿಕೊಂಡ ಈ ಭೂವಿಜ್ಞಾನಿಯ ಪಕ್ಕದ ಮೇಜು ನನ್ನದು. ಅವಳ ಹಟ ನನಗೆ ಎಷ್ಟೋ ಸಲ ತಲೆನೋವು ತಂದಿದೆ.

ಎರಡು ಚಳಿಗಾಲಗಳ ಹಿಂದೆ ಮೊದಲ ಬಾವಿಗೆ, ಯಾವ ಕಲ್ಲಿನ ಪದರದಲ್ಲಿ ಕೊರೆಯಬೇಕೆಂದು ಆರಿಸಿದವಳು ಅವಳೇ. ಎಲ್ಲಕ್ಕಿಂತ ಕಪ್ಪಾದ ಪದರ; ಗ್ಯಾಸು ತುಂಬಿ ತುಳುಕುತ್ತಿತ್ತು. ಬಾವಿ ಭೋರ್ಗರೆದು, ಕೆಲವೇ ವಾರಗಳಲ್ಲಿ ಸತ್ತಿತು. ಈ ಶಿಲೆಗೆ ನಮ್ಮವರಿಟ್ಟ ಹೆಸರು ವಾಕಾ ಮುಯೆರ್ತಾ, ಅಂದರೆ ಸತ್ತ ಹಸು. "ಸತ್ತ ಹಸೂನ ಇನ್ನೊಂದ್ಸಲ ಕೊಂದ ಮಹಾತಾಯಿ" ಎಂದು ಹುಡುಗರು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದರು. ಈಗ ಕೊರೆಯುತ್ತಿದ್ದುದು ಎರಡನೆಯದು, ಕೊನೆಯ ಅವಕಾಶ. ಇದೂ ಸತ್ತರೆ ಕಂಪನಿ ಜಾಗ ಬಿಟ್ಟು ಹೊರಡುತ್ತಿತ್ತು, ಎಲ್ಲರ ಕೆಲಸ ಹೋಗುತ್ತಿತ್ತು, ಕೊರೆಯುವ ಗೋಪುರದ ಮೇಲೆ ದುಡಿಯುತ್ತಿದ್ದ ಅವಳ ತಮ್ಮ ಲಿನೋನದೂ.

ನೆಲಿದಾ ಈ ಸಲ ಆರಿಸಿದ ಪದರದೊಳಗೆ ಕೊರೆಯುವ ಮೊನೆ ಆಗಲೇ ಅಡ್ಡಕ್ಕೆ ತಿರುಗಿತ್ತು. ನಮ್ಮ ಕಚೇರಿಯಾಗಿದ್ದ ಟ್ರೈಲರಿನಲ್ಲಿ ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು. ರಾಜಧಾನಿಯಿಂದ ಬಂದಿದ್ದ ಮೇಲಧಿಕಾರಿ ಇಬಾರ್ಲುಸೆಯಾ ಕಂಪ್ಯೂಟರ್ ಪರದೆಗೆ ಬೆರಳಿಟ್ಟ.

"ಹತ್ತು ಮೀಟರ್ ಇಳಿಸೋಣ, ನೆಲಿದಾ. ಕೆಳಗಿನ ಪದರ ಕಾಡಿಗೆ ಕಪ್ಪು. ಇದಕ್ಕಿಂತ ಎರಡರಷ್ಟು ಗ್ಯಾಸಿದೆ."

"ಇದೆ, ಇಂಜಿನಿಯರೇ. ಹಳೇ ಸಮುದ್ರದ ಕೊಳೆ ಬೇಕಾದಷ್ಟಿದೆ, ಹದವಾಗಿ ಬೆಂದೂ ಇದೆ, ಒತ್ತಡಕ್ಕೂ ಕೊರತೆ ಇಲ್ಲ. ಒಳಗಿದ್ರೆ ಸಾಕಾ? ಹೊರಗೆ ಬರೋಕೆ ದಾರಿ ಬೇಡ್ವಾ? ಆ ಜೇಡೀಲಿ ನೀವೆಷ್ಟು ನೀರು ನುಗ್ಗಿಸಿ ಬಿರುಕು ಬಿಡಿಸಿದ್ರೂ ಗಾಯ ಮಾಯ್ದಂಗೆ ಮುಚ್ಕೊಳುತ್ತೆ. ಈ ಪದರದಲ್ಲಿ ಸುಣ್ಣ ಇದೆ, ಮರಳಿದೆ. ಒಡೆದ್ರೆ ಒಡೆದಂಗೇ ಇರುತ್ತೆ."

"ಹೋದ ಬಾವೀಲೂ ಹೀಗೇ ಗಟ್ಟಿಯಾಗಿ ಹೇಳಿದ್ರಿ."

ಸುತ್ತುತ್ತಿದ್ದ ಬುರುಡೆ ನೆಲಿದಾಳ ಕೈಯಲ್ಲಿ ನಿಂತಿತು.

"ಹೇಳಿದ್ದೆ. ಕಪ್ಪು ನೋಡಿ ಮರುಳಾಗಿದ್ದೆ. ಅದಕ್ಕೇ ಇವತ್ತು ಬೇಡ ಅಂತಿರೋದು."

ಬಾಗಿಲಲ್ಲಿ ನಿಂತಿದ್ದ ಲಿನೋ ತಡೆಯಲಾರದೆ, "ಅಕ್ಕಾ, ಸುಮ್ನಿರೇ. ನನ್ ಮನೆಗಿನ್ನೂ ಸೂರಿಲ್ಲ" ಎಂದ.

ನೆಲಿದಾ ಅವನತ್ತ ತಿರುಗಲಿಲ್ಲ. ಬುರುಡೆಯನ್ನು ಬರಿದು ಮಾಡಿ ಹಿಂದಿರುಗಿಸಿ, "ಧನ್ಯವಾದ" ಎಂದಳು. ನಮ್ಮಲ್ಲಿ ಹಾಗೆಂದರೆ ಈ ಸುತ್ತಿನಿಂದ ನಾನು ಎದ್ದೆ ಎಂದರ್ಥ. "ಇಳಿಸೋದಾದ್ರೆ ನಾನಿಲ್ಲ" ಎಂದು ಕೋಟು ಎಳೆದುಕೊಂಡು ಹೊರಗೆ ನಡೆದಳು.

ಇಬಾರ್ಲುಸೆಯಾ ಹೋದ ಬಾವಿಯ ಒತ್ತಡದ ಗೆರೆಯನ್ನು ಪರದೆಗೆ ತಂದು, ಅದು ಕುಸಿದ ಜಾಗದ ಮೇಲೆ ಬೆರಳೆಳೆದ. ಕೊನೆಗೆ ಗೋಪುರದವರಿಗೆ ಫೋನ್ ಮಾಡಿ, "ಇರೋ ಮಟ್ಟದಲ್ಲೇ ಹೋಗ್ಲಿ" ಎಂದ.

ಸುದ್ದಿ ಹೇಳಲು ನಾನು ಓಡಿದೆ. ನೆಲಿದಾ ಟ್ರೈಲರಿನ ಹಿಂದೆ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು.

"ಒಪ್ಪಿದ್ರು" ಎಂದೆ. "ನಿನಗೆ ಖಾತ್ರಿ ಇದೆ ತಾನೆ?"

"ಎಲ್ಲಿಯ ಖಾತ್ರಿ ಮಾರಾಯಾ?" ಎಂದಳು, ಬಾಯಿ ಒರೆಸಿಕೊಳ್ಳುತ್ತ.

ಬಾವಿ ತೆರೆದು ಗ್ಯಾಸಿಗೆ ಬೆಂಕಿ ಹಚ್ಚಿದಾಗ ಎದ್ದ ಜ್ವಾಲೆಯನ್ನು ಯಾರೂ ನಂಬಲಿಲ್ಲ. ಹಳೆಯದೂ ಹೀಗೆಯೇ ಉರಿದು ಮಡಿದಿತ್ತಲ್ಲ. ವಾರಗಳುದ್ದಕ್ಕೂ ಒತ್ತಡಮಾಪಕದ ಮುಳ್ಳನ್ನು ನಾವೆಲ್ಲ ಜ್ವರದ ಮಗುವಿನ ಹಣೆ ಮುಟ್ಟಿದಂತೆ ನೋಡಿ ನೋಡಿ ಹೋಗುತ್ತಿದ್ದೆವು. ಅದು ಇಳಿಯಲಿಲ್ಲ. ವಸಂತ ಬಂದಾಗ ಕಂಪನಿ ಮೂರನೆಯ ಬಾವಿಗೆ ಜಾಗ ಗುರುತು ಮಾಡಿತು.

ಈಗ ಎಲ್ಲರೂ ಅವಳನ್ನು ಧೀರೆ, ಭಯವೇ ಇಲ್ಲದವಳು ಎಂದು ಕೊಂಡಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಅವಳ ಭಯವನ್ನು ಕಣ್ಣಾರೆ ಕಂಡವನು ನಾನು. ಕಾಣದ್ದರ ಬಗ್ಗೆ ಮಾತು ಕೊಡಬೇಕಾದ ಜನರಲ್ಲಿ, ಒಮ್ಮೆ ಎಡವಿದ ಮೇಲೆ ಬಾಯಿಗೆ ಬೀಗ ಹಾಕಿ ಮರ್ಯಾದೆ ಉಳಿಸಿಕೊಳ್ಳುವವರೇ ಹೆಚ್ಚು. ತೀರ ಕೆಲವರು ಮಾತ್ರ ತಮ್ಮ ಸೋಲನ್ನೇ ಎಲ್ಲರೆದುರು ಸಾಕ್ಷಿಗೆ ಕರೆದು ಹೆದರುತ್ತಲೇ ಮತ್ತೊಮ್ಮೆ ಬಾಯಿ ತೆರೆಯುತ್ತಾರೆ.